ಹೋಳಿ ಹುಣ್ಣಿಮೆವರೆಗೆ ನೀರು: ಕಾಲೇಜು ಹುಡುಗರಿಗೆ ಹವಾಮಾನದ ಪಾಠ ಎಲ್ಲಿಂದ ಶುರು?

ನಾನು ಹಿಂಜವಡಿಯಲ್ಲಿ ಡೇಟಾ ಕೆಲಸ ಮಾಡೋನು. ಕೆಲವು ವರ್ಷಗಳಿಂದ ಶನಿವಾರ ಭಾನುವಾರ ಇಲ್ಲಿನ ಒಂದು ಕಾಲೇಜಿನ ಹುಡುಗ ಹುಡುಗಿಯರ ಜೊತೆ ಹಳ್ಳಿಗಳಿಗೆ ಹೋಗ್ತಾ ಇದ್ದೀನಿ. ಇವತ್ತಿನ ಮಾತು ಅದರ ಬಗ್ಗೆ.

ಹವಾಮಾನ ಬದಲಾಗ್ತಿದೆ, ಹಳ್ಳಿಗಳು ಅದಕ್ಕೆ ಹೊಂದಿಕೊಳ್ಳಬೇಕು, ಅದಕ್ಕೆ ವಿಶ್ವವಿದ್ಯಾಲಯಗಳು ನೆರವಾಗಬೇಕು ಅಂತ ಎಲ್ಲರೂ ಹೇಳ್ತಾರೆ. ಸರಿ. ಇಪ್ಪತ್ತು ವರ್ಷದ ಒಬ್ಬ ವಿದ್ಯಾರ್ಥಿಗೆ ಏನನ್ನು ಕಲಿಸಿದರೆ ಅವನಿಂದ ಒಂದು ಊರಿಗೆ ನಿಜವಾಗಿ ಉಪಯೋಗ ಆಗುತ್ತೆ?

ನಮ್ಮಲ್ಲಿ ಬಹಳ ಜನ ಎಂಜಿನಿಯರಿಂಗ್‌ನಲ್ಲಿ ಪರಿಸರ ಅಧ್ಯಯನ ಅಂತ ಒಂದು ಪೇಪರ್ ಬರೆದಿದ್ದೀವಿ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಶುರುವಾಗಿ, ಆಮೇಲೆ ಯುಜಿಸಿ ಎಲ್ಲ ಪದವಿಗಳಿಗೂ ಕಡ್ಡಾಯ ಮಾಡಿದ ವಿಷಯ ಅದು. ಓಝೋನ್ ಪದರ, ಆಮ್ಲ ಮಳೆ, ಹಸಿರುಮನೆ ಪರಿಣಾಮ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾದ್ವಿ. ಅದರಲ್ಲಿ ತಪ್ಪು ಮಾಹಿತಿ ಏನೂ ಇರಲಿಲ್ಲ. ಆದರೆ ಅದನ್ನು ಓದಿದ ಯಾರಿಗಾದರೂ ತಮ್ಮೂರಿನ ಬಾವಿಯಲ್ಲಿ ನೀರು ಎಷ್ಟು ಅಡಿ ಕೆಳಗಿದೆ ಅಂತ ಗೊತ್ತಿತ್ತಾ? ನನಗೆ ಗೊತ್ತಿರಲಿಲ್ಲ, ಬಹುಶಃ ಪಾಠ ಮಾಡಿದ ಮೇಷ್ಟ್ರಿಗೂ ಗೊತ್ತಿರಲಿಲ್ಲ.

ಈಗ ಮಳೆಯ ಕಥೆ ನೋಡಿ. ಇಲ್ಲೇ ಪುಣೆಯಲ್ಲಿರೋ ಉಷ್ಣವಲಯ ಹವಾಮಾನ ಸಂಸ್ಥೆ, ಐಐಟಿಎಂ, ಅಲ್ಲಿನ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1950ರಿಂದ 2015ರವರೆಗೆ ಮಧ್ಯ ಭಾರತದಲ್ಲಿ, ದೊಡ್ಡ ಪ್ರದೇಶದ ಮೇಲೆ ಒಟ್ಟಿಗೆ ಸುರಿಯುವ ಅತಿ ಭಾರಿ ಮಳೆಯ ಘಟನೆಗಳು ಮೂರು ಪಟ್ಟು ಹೆಚ್ಚಿವೆ. ಅದೇ ಅವಧಿಯಲ್ಲಿ ಅಲ್ಲಿ ಮುಂಗಾರಿನ ಒಟ್ಟು ಮಳೆ ಹೆಚ್ಚಿಲ್ಲ, ಕಮ್ಮಿಯಾಗಿದೆ. ಅಂದರೆ ಬರೋದು ಒಟ್ಟಿಗೇ ಬರುತ್ತೆ, ಮಧ್ಯೆ ಖಾಲಿ ದಿನಗಳು ಉದ್ದ ಆಗುತ್ತೆ. ಅದು ದೊಡ್ಡ ಚಿತ್ರ. ಅದನ್ನು ಇಟ್ಟುಕೊಂಡು ಒಂದು ಊರಿನ ರೈತನಿಗೆ ಈ ಹಿಂಗಾರಿಗೆ ಕಡಲೆ ಹಾಕು, ಗೋಧಿ ಹಾಕು ಅಂತ ಹೇಳೋಕಾಗಲ್ಲ. ಮಧ್ಯದಲ್ಲಿ ಒಂದು ಕೊಂಡಿ ಬೇಕು. ಆ ಕೊಂಡಿ ಊರಿನ ಲೆಕ್ಕ. ಹುಡುಗರಿಗೆ ಕಲಿಸಬೇಕಾದ್ದು ಅದನ್ನೇ ಅಂತ ನನ್ನ ವಾದ.

ಇದಕ್ಕೆ ನಮ್ಮ ಕಣ್ಣೆದುರಿಗೇ ಒಂದು ಉದಾಹರಣೆ ಇದೆ. ಐಐಟಿ ಬಾಂಬೆಯಲ್ಲಿ ಸಿತಾರಾ ಅಂತ ಒಂದು ಕೇಂದ್ರ, ಗ್ರಾಮೀಣ ಪ್ರದೇಶಗಳಿಗೆ ಪರ್ಯಾಯ ತಂತ್ರಜ್ಞಾನ ಹುಡುಕೋಕೆ ಅಂತ 1985ರಲ್ಲಿ ಶುರುವಾದದ್ದು. ಪೊವೈನಲ್ಲಿ ದಿನಾ ಅದರ ಗೇಟಿನ ಮುಂದೆ ಓಡಾಡೋ ಕನ್ನಡಿಗರಿಗೂ ಗೊತ್ತಿರಲ್ಲ. ಅದನ್ನು ಮುನ್ನಡೆಸಿದವರಲ್ಲಿ ಮಿಲಿಂದ್ ಸೊಹೋನಿ ಒಬ್ಬರು. ಅವರು ಕಂಪ್ಯೂಟರ್ ಸೈನ್ಸ್ ಪ್ರಾಧ್ಯಾಪಕರು. ಕೇತನ್ ಮುಲ್ಮುಲೆ ಜೊತೆ ಸೇರಿ ಪಿ ವರ್ಸಸ್ ಎನ್‌ಪಿ ಸಮಸ್ಯೆಗೆ ಹೊಸ ದಾರಿ ಹಾಕಿದವರು. ನಮ್ಮ ಫೀಲ್ಡಿನವರಿಗೆ ಅದರ ತೂಕ ಗೊತ್ತಾಗುತ್ತೆ. ಅಂಥ ಗಣಿತ ಮಾಡೋರು ಕರ್ಜತ್, ಶಹಾಪುರ ಕಡೆಯ ಹಳ್ಳಿಗಳಿಗೆ ಬೇಸಿಗೆಯಲ್ಲಿ ಟ್ಯಾಂಕರ್ ಯಾಕೆ ಬರುತ್ತೆ, ಮಳೆಗಾಲದಲ್ಲಿ ಅಷ್ಟು ಸುರಿದರೂ ಯಾಕೆ ಬರುತ್ತೆ ಅನ್ನೋ ಪ್ರಶ್ನೆ ಹಿಡಿದರು. ಅವರ ಎಂ.ಟೆಕ್ ವಿದ್ಯಾರ್ಥಿಗಳು ಊರಲ್ಲಿ ಇದ್ದು ಪೈಪು, ಬಾವಿ, ಪಂಪು ನೋಡಿ, ಯೋಜನೆ ಎಲ್ಲಿ ಸೋತಿದೆ ಅಂತ ಬರೀಬೇಕು. ಅದೇ ಅವರ ಓದು.

2018ರಲ್ಲಿ ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕ್ ಸಾಲದಿಂದ ಪೋಕ್ರಾ ಅಂತ ಯೋಜನೆ ಶುರು ಮಾಡ್ತು, ಹವಾಮಾನ ತಡೆದುಕೊಳ್ಳುವ ಕೃಷಿಗೆ. ಮರಾಠವಾಡ, ವಿದರ್ಭದ ಕಡೆ ಸುಮಾರು 5,000 ಹಳ್ಳಿಗಳು. ಅಲ್ಲಿ ಪ್ರತಿ ಊರಿಗೂ ನೀರಿನ ಜಮಾ-ಖರ್ಚು ಮಾಡೋ ವಿಧಾನವನ್ನು ಕಟ್ಟಿಕೊಟ್ಟದ್ದು ಇದೇ ಐಐಟಿಯ ತಂಡ. ದಿನದ ಮಳೆ, ಮಣ್ಣಿನ ಆಳ, ಇಳಿಜಾರು, ಬೆಳೆ, ಇಷ್ಟನ್ನೂ ಸೇರಿಸಿ ಎಷ್ಟು ಹರಿದುಹೋಗುತ್ತೆ, ಎಷ್ಟು ಇಂಗುತ್ತೆ, ಬೆಳೆಗೆ ಎಷ್ಟು ಕೊರತೆ ಬೀಳುತ್ತೆ ಅಂತ ತೆಗೆಯೋ ಲೆಕ್ಕ. ಮರಾಠಿಯಲ್ಲಿ ಇದಕ್ಕೆ ‘ಪಾಣ್ಯಾಚಾ ತಾಳೇಬಂದ್’ ಅಂತಾರೆ. ನಮ್ಮ ಅಂಗಡಿ ಖಾತೆಯ ಹಾಗೇನೇ.

ಈ ಲೆಕ್ಕ ಕಷ್ಟ ಅಂತ ಹೆದರಬೇಡಿ. ಈಗಲೇ ಒಂದು ಮಾಡೋಣ. ಊರು ಕಾಲ್ಪನಿಕ, ಆದರೆ ಅಂಕಿಗಳು ದಖ್ಖನಿನ ಊರುಗಳಿಗೆ ಹತ್ತಿರದವು.

ಒಂದು ಹೆಕ್ಟೇರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. ಇದೊಂದನ್ನು ನೆನಪಿಟ್ಕೊಳ್ಳಿ. ಊರಿನ ವಿಸ್ತೀರ್ಣ 1,000 ಹೆಕ್ಟೇರ್, ವರ್ಷದ ಮಳೆ 500 ಮಿ.ಮೀ. ಒಟ್ಟು 500 ಕೋಟಿ ಲೀಟರ್. ಕೇಳೋಕೆ ಸಮುದ್ರ. ಆದರೆ ಕೆಳಗಿರೋದು ಕಪ್ಪು ಕಲ್ಲು, ಬಸಾಲ್ಟ್. ವಿಜಯಪುರ, ಕಲಬುರಗಿ, ಬೀದರ್ ಕಡೆಯವರಿಗೆ ಗೊತ್ತು, ಅದೇ ಕಲ್ಲು. ಬಿರುಕು ಇದ್ದ ಕಡೆ ಮಾತ್ರ ನೀರು ಹಿಡಿಯುತ್ತೆ. ಬಿದ್ದದ್ದರಲ್ಲಿ ಹತ್ತರಲ್ಲೊಂದು ಪಾಲು ಅಂತರ್ಜಲ ಆಗುತ್ತೆ ಅಂತ ಇಟ್ಕೊಳ್ಳಿ. 50 ಕೋಟಿ ಲೀಟರ್.

ಖರ್ಚಿನ ಕಡೆ ಬನ್ನಿ. 1,500 ಜನ, ತಲೆಗೆ ದಿನಕ್ಕೆ 55 ಲೀಟರ್, ಜಲ ಜೀವನ್ ಮಿಷನ್ನಿನ ಅಳತೆ ಅದು. ವರ್ಷಕ್ಕೆ ಸುಮಾರು 3 ಕೋಟಿ ಲೀಟರ್. ಇಡೀ ಊರಿನ ಕುಡಿಯೋದು, ಅಡುಗೆ, ಸ್ನಾನ ಎಲ್ಲಾ ಸೇರಿ, ಇಂಗಿದ ನೀರಿನ ಶೇಕಡ 6. ಈಗ ಕಬ್ಬು. ಒಂದು ಹೆಕ್ಟೇರ್ ಕಬ್ಬಿಗೆ ಮಳೆ ಬಿಟ್ಟು ಮೇಲಿಂದ 1,500 ಮಿ.ಮೀ. ನೀರು ಹಾಯಿಸಬೇಕು ಅಂದರೆ ಒಂದೂವರೆ ಕೋಟಿ ಲೀಟರ್. ಅಂದರೆ ಎರಡು ಹೆಕ್ಟೇರ್ ಕಬ್ಬು, ಐದು ಎಕರೆ, ಇಡೀ ಊರಿನ ಒಂದು ವರ್ಷದ ಮನೆ ಬಳಕೆಯ ನೀರು. ಅದೇ ಕಡಲೆಗೆ ಎರಡು ಸಲ ನೀರು ಕೊಟ್ಟರೆ ಹೆಕ್ಟೇರಿಗೆ 12 ಲಕ್ಷ ಲೀಟರ್ ಸಾಕು. ಒಬ್ಬನ ಒಂದು ಹೆಕ್ಟೇರ್ ಕಬ್ಬಿನ ನೀರಲ್ಲಿ ಹನ್ನೆರಡು ಹೆಕ್ಟೇರ್ ಕಡಲೆ ಉಳಿಯುತ್ತೆ.

ಇಷ್ಟನ್ನು ಒಂದು ಚಾರ್ಟ್ ಪೇಪರ್ ಮೇಲೆ ಬರೆದು ಹನುಮಂತ ದೇವರ ಗುಡಿ ಕಟ್ಟೆ ಮೇಲೆ ಹಚ್ಚಿದರೆ ಊರು ನಿಂತು ನೋಡುತ್ತೆ. ಕಾರ್ಬನ್ ಬಗ್ಗೆ ಒಂದು ಗಂಟೆ ಉಪನ್ಯಾಸ ಕೊಟ್ಟರೆ ಚಹಾ ಕೊಟ್ಟು ಕಳಿಸ್ತಾರೆ. ಅಹಿಲ್ಯಾನಗರ ಜಿಲ್ಲೆಯ ಹಿವರೆ ಬಾಜಾರ್ ಹೆಸರು ಕೇಳಿರ್ತೀರಿ. ಪೋಪಟರಾವ್ ಪವಾರ್ ಸರಪಂಚರಾಗಿದ್ದ ಊರು. ಅಲ್ಲಿ ನೀರಾವರಿಗೆ ಬೋರ್‌ವೆಲ್ ಇಲ್ಲ, ಕಬ್ಬು ಇಲ್ಲ, ಪ್ರತಿ ವರ್ಷ ಮಳೆ ಮುಗಿದ ಮೇಲೆ ಲೆಕ್ಕ ಹಾಕಿ ಹಿಂಗಾರಿಗೆ ಏನು ಹಾಕಬೇಕು ಅಂತ ಗ್ರಾಮಸಭೆಯಲ್ಲಿ ತೀರ್ಮಾನ. ಎಲ್ಲರೂ ಆ ಊರಿನ ಚೆಕ್ ಡ್ಯಾಮ್ ಫೋಟೊ ತೋರಿಸ್ತಾರೆ. ನನಗೆ ಅಲ್ಲಿ ದೊಡ್ಡದು ಅನ್ನಿಸೋದು ಆ ಲೆಕ್ಕದ ಸಭೆ.

ಆದರೆ ಲೆಕ್ಕಕ್ಕೆ ಅಂಕಿ ಬೇಕಲ್ಲ, ಅದು ಎಲ್ಲಿಂದ ಬರುತ್ತೆ? ಇಲ್ಲಿ ನಮ್ಮ ಹುಡುಗರು ಮೊದಲು ಬೀಳ್ತಾರೆ.

ಅವರು ಟ್ಯಾಬ್‌ನಲ್ಲಿ ನಲವತ್ತು ಪ್ರಶ್ನೆ ಹಿಡ್ಕೊಂಡು ಬರ್ತಾರೆ. ನಿಮ್ಮ ಹೊಲದಲ್ಲಿ ಬೋರ್ ಎಷ್ಟು? ಆಳ ಎಷ್ಟು? ಆ ರೈತನಿಗೆ ತಲೆಯಲ್ಲಿ ಓಡೋದು ಒಂದೇ: ಈ ಪೋರ ಕರೆಂಟ್ ಆಫೀಸಿನವನಾ? ‘ಒಂದೈತಿ’ ಅಂತಾನೆ. ಹೊಲದಲ್ಲಿ ನಾಲ್ಕು ಇರುತ್ತೆ. ಹುಡುಗ ಒಂದು ಅಂತ ಟೈಪ್ ಮಾಡ್ತಾನೆ, ಅದು ಡ್ಯಾಶ್‌ಬೋರ್ಡ್‌ಗೆ ಹೋಗುತ್ತೆ, ಬಣ್ಣದ ನಕ್ಷೆ ಆಗುತ್ತೆ. ಕಸ ಹಾಕಿದರೆ ಕಸವೇ ಬರೋದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಜತ್ತ, ಅಕ್ಕಲಕೋಟೆ ಕಡೆ ಕನ್ನಡ ಮಾತಾಡೋ ಹಳ್ಳಿಗಳು ಬೇಕಾದಷ್ಟಿವೆ. ಜತ್ತ ತಾಲ್ಲೂಕಿನ ಕೆಲವು ಊರುಗಳು, ನೀರು ಕೊಡೋದಿಲ್ಲ ಅಂದರೆ ನಮ್ಮನ್ನು ಕರ್ನಾಟಕಕ್ಕೆ ಸೇರಿಸಿ ಅಂತ ಹಿಂದೆ ನಿರ್ಣಯ ಮಾಡಿದ್ದು ಸುದ್ದಿಯಾಗಿತ್ತು, ನೆನಪಿರಬಹುದು. ಕಾಲೇಜಿನವರು ನನ್ನನ್ನು ಜೊತೆಗೆ ಕರೆದದ್ದೇ ಭಾಷೆಗಾಗಿ. ಒಂದು ಊರಲ್ಲಿ ಒಬ್ಬ ಅಜ್ಜಾರು ಹುಡುಗರ ಪ್ರಶ್ನೆಗೆಲ್ಲ ತಲೆ ಅಲ್ಲಾಡಿಸ್ತಾ ಕೂತಿದ್ದರು. ನಾನು ಕನ್ನಡದಲ್ಲಿ, ‘ಅಜ್ಜಾರ, ಈ ಬಾವಿ ನೀರು ಯಾವ ಹಬ್ಬದ ತನಕ ಬರತೈತ್ರಿ?’ ಅಂದೆ. ಅವರು ಎದ್ದು ಕೂತರು. ‘ನಮ್ಮ ಅಪ್ಪ ಇದ್ದಾಗ ಬಸವ ಜಯಂತಿ ತನಕಾ ಬರ್ತಿತ್ತು. ಆಮ್ಯಾಲ ಯುಗಾದಿ ಆತು. ಈಗ ಹೋಳಿ ಹುಣ್ಣಿಮಿ ದಾಟಿದ್ರ ಪುಣ್ಯಾ.’

ಎಂಥ ಡೇಟಾ ನೋಡಿ ಅದು! ಬಸವ ಜಯಂತಿಯಿಂದ ಹೋಳಿಗೆ ಅಂದರೆ ಹೆಚ್ಚುಕಮ್ಮಿ ಒಂದೂವರೆ ತಿಂಗಳು. ಒಂದು ಮನೆತನದ ನೆನಪು, ಒಂದು ಬಾವಿ. ಇದೊಂದರಿಂದ ಏನೂ ಸಾಬೀತಾಗಲ್ಲ. ಮೂವತ್ತು ಬಾವಿಗೆ ಇದೇ ಪ್ರಶ್ನೆ ಕೇಳಿ ನಕ್ಷೆ ಮೇಲೆ ಇಟ್ಟರೆ, ಊರಿನ ಯಾವ ಭಾಗ ಮೊದಲು ಬತ್ತುತ್ತೆ ಅಂತ ಎದ್ದು ಕಾಣುತ್ತೆ. ಆಗಿನಿಂದ ನಮ್ಮ ಫಾರ್ಮ್‌ನಲ್ಲಿ ತಾರೀಕಿನ ಕಾಲಂ ತೆಗೆದು ಹಬ್ಬದ ಕಾಲಂ ಹಾಕಿದ್ದೀವಿ. ಎಳ್ಳಮಾವಾಸ್ಯೆ, ಸಂಕ್ರಾಂತಿ, ಹೋಳಿ, ಯುಗಾದಿ, ಬಸವ ಜಯಂತಿ, ಕಾರಹುಣ್ಣಿಮೆ. ನೀರು ತರೋ ಹೆಣ್ಣುಮಕ್ಕಳನ್ನು ಕೇಳಿದರೆ ಇನ್ನೂ ಪಕ್ಕಾ ಉತ್ತರ ಬರುತ್ತೆ. ಯಾವ ವಾರದಿಂದ ದೂರದ ಬಾವಿಗೆ ಹೋಗಬೇಕಾಯ್ತು ಅಂತ ಅವರ ಸೊಂಟಕ್ಕೆ ಗೊತ್ತು. ಅದಕ್ಕೇ ತಂಡದಲ್ಲಿ ಹುಡುಗಿಯರು ಇರಲೇಬೇಕು. ಅವರು ಊರಲ್ಲಿ ಉಳಿಯಬೇಕಾದರೆ ಶೌಚಾಲಯ ಇರೋ ಮನೆ, ಜೊತೆಗೆ ಒಬ್ಬ ಮೇಡಂ, ಮನೆಯವರ ಒಪ್ಪಿಗೆ, ಇಷ್ಟೂ ಬೇಕು. ಇದಕ್ಕೆ ಯಾವ ಕಾಲೇಜೂ ಬಜೆಟ್ ಇಡಲ್ಲ, ಆಮೇಲೆ ಹುಡುಗಿಯರು ಫೀಲ್ಡಿಗೆ ಬರಲ್ಲ ಅಂತ ದೂರು.

ಇನ್ನೊಂದು ಪ್ರಶ್ನೆಯನ್ನು ಊರು ನಮಗೆ ಕೇಳುತ್ತೆ. ‘ಹ್ವಾದ ವರ್ಷಾನೂ ಯಾರೋ ಹುಡುಗೂರು ಬಂದಿದ್ರಲ್ಲ, ಬರ್ಕೊಂಡು ಹೋದ್ರು. ಅದೇನಾತು?’ ಅದೇನಾಯ್ತು ಅಂದರೆ ಪ್ರಾಜೆಕ್ಟ್ ರಿಪೋರ್ಟ್ ಆಯ್ತು, ಸ್ಪೈರಲ್ ಬೈಂಡಿಂಗ್ ಆಯ್ತು, ಮಾರ್ಕ್ಸ್ ಬಂತು, ಕಪಾಟು ಸೇರ್ತು. ಊರಿಗೆ ಒಂದು ಹಾಳೆಯೂ ವಾಪಸ್ ಬರಲಿಲ್ಲ. ನನ್ನ ಕೇಳಿದರೆ, ತರಬೇತಿಯ ಅರ್ಧ ಭಾಗ ಈ ವಾಪಸ್ ಕೊಡೋದರಲ್ಲೇ ಇದೆ. ಅದೂ ಸುಲಭ ಅಲ್ಲ. ಯಾಕೆ ಅಂತ ಹೇಳ್ತೀನಿ.

ಕೃಷಿ ಹೊಂಡ ಎಲ್ಲರಿಗೂ ಗೊತ್ತು. ಕರ್ನಾಟಕದಲ್ಲಿ 2014ರಿಂದ ಕೃಷಿ ಭಾಗ್ಯ, ಮಹಾರಾಷ್ಟ್ರದಲ್ಲಿ 2016ರಿಂದ ‘ಮಾಗೇಲ್ ತ್ಯಾಲಾ ಶೇತ್‌ತಳೆ’, ಕೇಳಿದವರಿಗೆ ಹೊಂಡ. ಹರಿದು ಹೋಗೋ ಮಳೆ ನೀರು ಹಿಡಿದಿಟ್ಟು, ಮಳೆ ಕೈಕೊಟ್ಟ ವಾರ ಬೆಳೆಗೆ ಕೊಡೋದು. ಹವಾಮಾನಕ್ಕೆ ಹೊಂದಿಕೊಳ್ಳೋಕೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ ಅನ್ನಿಸುತ್ತೆ. ಎಷ್ಟೋ ಕಡೆ ಆಗಿದ್ದು ಬೇರೆ. ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಕಿ, ಬೋರ್‌ವೆಲ್‌ನಿಂದ ನೀರೆತ್ತಿ ತುಂಬಿಸಿ ಇಟ್ಕೋತಾರೆ, ದ್ರಾಕ್ಷಿಗೆ, ದಾಳಿಂಬೆಗೆ. ನೆಲದ ಕೆಳಗೆ ಎಲ್ಲರದೂ ಆಗಿದ್ದ ನೀರು ನೆಲದ ಮೇಲೆ ಒಬ್ಬರದಾಗುತ್ತೆ. 30 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡದಲ್ಲಿ ಸುಮಾರು 22 ಲಕ್ಷ ಲೀಟರ್ ಹಿಡಿಯುತ್ತೆ. ಏಪ್ರಿಲ್ ಬಿಸಿಲಿಗೆ ದಿನಕ್ಕೆ 8 ಮಿ.ಮೀ. ಆವಿಯಾದರೆ, ತುಂಬಿದ ಹೊಂಡದಿಂದ ದಿನಕ್ಕೆ 7,200 ಲೀಟರ್ ಗಾಳಿಗೆ. ಒಂದೂವರೆ ಸಣ್ಣ ಟ್ಯಾಂಕರ್ ದಿನಾ ಆಕಾಶಕ್ಕೆ ಕಳಿಸಿದ ಹಾಗೆ. ಅತ್ತ ಊರಿಗೆ ಟ್ಯಾಂಕರ್ ಬರ್ತಾ ಇರುತ್ತೆ. ಹೊಂಡ ಇಟ್ಟವನು ಹವಾಮಾನಕ್ಕೆ ಹೊಂದಿಕೊಂಡ. ಪಕ್ಕದ ಒಣಬೇಸಾಯದವನು?

ನಾನು ಹೇಳಿದ ಊರಲ್ಲೇ, ಅದರ ಹೆಸರು ಬೇಡ, ಹುಡುಗರು ಕುಡಿಯೋ ನೀರಿನ ಬಾವಿ ಸುತ್ತ ಫೋನಿನ ಜಿಪಿಎಸ್ ಹಿಡಿದು ನಡೆದರು. 1993ರಲ್ಲೇ ಮಹಾರಾಷ್ಟ್ರದಲ್ಲಿ ಬಂದ ಕಾನೂನು ಇದೆ: ಸಾರ್ವಜನಿಕ ಕುಡಿಯೋ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಹೊಸ ಬಾವಿ ತೋಡುವಂತಿಲ್ಲ. ಆ ವೃತ್ತದೊಳಗೆ ಹೊಂಡ ತುಂಬಿಸೋ ಮೂರು ಬೋರ್ ಸಿಕ್ಕವು. ಒಂದು ಊರಿನ ದೊಡ್ಡ ಮನೆಯದು. ರಾತ್ರಿ ಶಾಲೆಯಲ್ಲಿ ಕೂತು ಚರ್ಚೆ. ಪಾಪ, ಜೊತೆಗಿದ್ದ ಸರ್‌ಗೆ ಗಾಬರಿ: ‘ಆ ನಕ್ಷೆ ಬಿಟ್ಟುಬಿಡಿ, ಬಾಕಿದ್ದು ತೋರಿಸೋಣ, ಮುಂದಿನ ವರ್ಷ ಊರೊಳಗೆ ಬಿಟ್ಕೋಬೇಕಲ್ಲ.’ ಅವರ ಮಾತಲ್ಲೂ ಅರ್ಥ ಇತ್ತು. ಊರಿನವರ ಮನೆಯಲ್ಲಿ ಉಂಡು, ಅವರ ಮಾನ ಸಭೆಯಲ್ಲಿ ತೆಗೆಯೋಕೆ ನಾವ್ಯಾರು? ಸೊಲ್ಲಾಪುರ ಕಡೆಯ ಒಬ್ಬ ವಿದ್ಯಾರ್ಥಿನಿ ದಾರಿ ಹುಡುಕಿದಳು. ಯಾರ ಹೆಸರೂ ಬೇಡ, ಸರ್ವೆ ನಂಬರೂ ಬೇಡ. ಬಾವಿ, ಅದರ ಸುತ್ತ 500 ಮೀಟರಿನ ಗೆರೆ, ಮೂರು ಚುಕ್ಕೆ. ಪಕ್ಕದಲ್ಲಿ ಬಾವಿಯ ನೀರಿನ ಮಟ್ಟ ವಾರವಾರಕ್ಕೂ ಎಷ್ಟು ಇಳೀತು ಅಂತ ಒಂದು ಗೆರೆ. ಅಷ್ಟೇ ತೋರಿಸಿ ಕೂತಳು.

ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದೆ ಕೂತಿದ್ದ ಒಬ್ಬ ಆಯಿ, ‘ಹಂಗಾರ ನಮ್ಮ ಬಾವಿ ತಾನಾಗೇ ಬತ್ತಲಿಲ್ಲ’ ಅಂದರು. ಜಗಳ ಆಯ್ತು, ಜೋರಾಗೇ ಆಯ್ತು. ಕೊನೆಗೆ ಸಂಕ್ರಾಂತಿ ಆದ ಮೇಲೆ ಆ ಮೂರು ಬೋರಿನಿಂದ ಹೊಂಡ ತುಂಬಿಸಬಾರದು ಅಂತ ಮಾತಾಯ್ತು. ಇಬ್ಬರು ನಡೆಸಿಕೊಟ್ಟರು, ಒಬ್ಬರು ಇಲ್ಲ. ಆ ಒಬ್ಬರು ಯಾರು ಅಂತ ನೀವೇ ಊಹಿಸಿ. ಆದರೂ ಆ ವರ್ಷ ಬಾವಿ ಹೋಳಿ ದಾಟಿತು. ಮಳೆಯೂ ಸ್ವಲ್ಪ ಚೆನ್ನಾಗಿತ್ತು, ಪೂರ್ತಿ ಶ್ರೇಯಸ್ಸು ನಾವು ತಗೊಳ್ಳೋಹಾಗಿಲ್ಲ.

ಆ ಹುಡುಗಿ ಕಲಿತದ್ದು ಯಾವ ಸಿಲಬಸ್‌ನಲ್ಲಿದೆ? ಅಳೆಯೋದು, ಅಳೆದದ್ದರಲ್ಲಿ ಎಷ್ಟು ಹೇಳಬಹುದು ಅಂತ ತೂಗೋದು, ಯಾರ ಮುಂದೆ ಹೇಗೆ ಹೇಳಬೇಕು ಅನ್ನೋದು. ಪರೀಕ್ಷಕರು ಅವಳಿಗೆ ಕೇಳಿದ್ದು, ‘ಮಾಡೆಲ್‌ನಲ್ಲಿ ಮಷಿನ್ ಲರ್ನಿಂಗ್ ಯಾಕೆ ಬಳಸಿಲ್ಲ?’ ನಗಬೇಡಿ, ನಿಜ. ಗ್ರಾಮಸಭೆಗೆ ಮಾರ್ಕ್ಸ್ ಇರಲಿಲ್ಲ.

ಅವಕಾಶ ಇಲ್ಲ ಅಂತಲ್ಲ. ಎನ್‌ಎಸ್‌ಎಸ್ 1969ರಿಂದ ಇದೆ. ಪ್ರತಿ ಸ್ವಯಂಸೇವಕ ವರ್ಷಕ್ಕೆ 120 ಗಂಟೆ, ಎರಡು ವರ್ಷ, ಜೊತೆಗೆ ಏಳು ದಿನದ ಶಿಬಿರ. 2014ರಲ್ಲಿ ಶುರುವಾದ ಉನ್ನತ ಭಾರತ ಅಭಿಯಾನದಲ್ಲಿ ಕಾಲೇಜುಗಳು ಹಳ್ಳಿಗಳನ್ನು ದತ್ತು ತಗೋತವೆ. ಆ 120 ಗಂಟೆಯಲ್ಲಿ ಗಿಡ ನೆಟ್ಟು, ಬ್ಯಾನರ್ ಹಿಡಿದು, ಫೋಟೊ ತೆಗೆಯೋದು ಬಿಟ್ಟು, ವರ್ಷಕ್ಕೆ ನಾಲ್ಕು ಸಲ ಅದೇ ಮೂವತ್ತು ಬಾವಿ ಅಳೆದರೆ, ಐದು ವರ್ಷದಲ್ಲಿ ಆ ಊರಿನ ಹತ್ತಿರ ತಾಲ್ಲೂಕು ಕಚೇರಿಯಲ್ಲೂ ಇಲ್ಲದ ದಾಖಲೆ ಇರುತ್ತೆ. ಬ್ಯಾಚ್ ಬದಲಾಗುತ್ತೆ, ಬಾವಿ ಬದಲಾಗಬಾರದು. ನಾನು ಕಂಡ ಹಾಗೆ ಕಾಲೇಜುಗಳು ಎಡವೋದು ಇಲ್ಲೇ. ಪ್ರತಿ ಬ್ಯಾಚಿಗೂ ಹೊಸ ಊರು, ಹೊಸ ವಿಷಯ.

ನಗರದಲ್ಲಿರೋರು ಇದು ಹಳ್ಳಿ ಮಾತು ಅಂತ ಕೂರಬೇಡಿ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದಿನಲ್ಲಿ ಸಾಮಾನ್ಯಕ್ಕಿಂತ 1,344 ಸಾವು ಹೆಚ್ಚಾದವು ಅಂತ ಆಮೇಲೆ ಸಂಶೋಧಕರು ಲೆಕ್ಕ ತೆಗೆದರು. ಆಗಿದ್ದಾಗ ಯಾರಿಗೂ ಅಷ್ಟು ಅಂತ ತಿಳೀಲಿಲ್ಲ, ಯಾಕಂದ್ರೆ ಬಿಸಿಲು ಅಂತ ಸಾವಿನ ಪತ್ರದಲ್ಲಿ ಬರೆಯಲ್ಲ. 2013ರಲ್ಲಿ ಆ ನಗರ ಬಿಸಿಗಾಳಿ ಕ್ರಿಯಾ ಯೋಜನೆ ಮಾಡ್ತು. ತೆಲಂಗಾಣ 2023ರಲ್ಲಿ ತಂಪು ಛಾವಣಿ ನೀತಿ ತಂದಿದೆ. ಆದರೆ ನಿಮ್ಮ ಆಫೀಸಿಗೆ ಬರೋ ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್ ಅಕ್ಕ, ಅವರ ತಗಡಿನ ಮನೆಯೊಳಗೆ ರಾತ್ರಿ ಹನ್ನೊಂದಕ್ಕೆ ಎಷ್ಟು ಡಿಗ್ರಿ ಇರುತ್ತೆ? ಅಲ್ಲಿನ ಕಾಲೇಜು ಹುಡುಗರು ಸಣ್ಣ ತಾಪಮಾಪಕ ಇಟ್ಟು ಮೇ ತಿಂಗಳು ಪೂರ್ತಿ ಬರೆದುಕೊಂಡರೆ ಅದೂ ಇದೇ ಪಾಠ.

ಈಗ ನಮ್ಮ ವಿಷಯ. ನಾವು ಏನು ಮಾಡಬಹುದು ಅಂತ ಕೇಳಿದರೆ ನಮ್ಮವರ ಬಾಯಿಂದ ಮೊದಲು ಬರೋದು, ‘ಒಂದು ಆ್ಯಪ್ ಮಾಡೋಣ ಗುರು.’ ದಯವಿಟ್ಟು ಬೇಡ. ಒಂದು ಊರಿಗೆ ಬಂದ ಆ್ಯಪ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡೋಕೇ ಒಂದು ದಿನ ಬೇಕು. ಬೇಕಾಗಿರೋದು ಹುಡುಗರ ಪಕ್ಕ ಕೂತು ಎಕ್ಸೆಲ್ ಶೀಟ್ ನೋಡಿ, ‘ಈ ಬಾವಿ ನೀರು ಮೇ ತಿಂಗಳಲ್ಲಿ ಏರಿದೆಯಲ್ಲ, ಪಂಪ್ ನಿಲ್ಲಿಸಿ ಎಷ್ಟು ಹೊತ್ತಾಗಿತ್ತು ಅಂತ ಕೇಳಿದ್ಯಾ?’ ಅನ್ನೋ ಒಬ್ಬರು. ಕ್ಯುಜಿಐಎಸ್ ಉಚಿತ. ಎರಡು ವೀಕೆಂಡ್‌ನಲ್ಲಿ ಕಲೀಬಹುದು, ನಾನು ಹಾಗೇ ಕಲಿತೆ.

ಮರಾಠಿ ಬರಲ್ಲ, ನಾನು ಬಂದು ಏನು ಮಾಡಲಿ ಅಂತ ಒಬ್ಬರು ಮೊದಲೇ ಕೇಳಿ ಕಳಿಸಿದ್ದಾರೆ. ಜತ್ತದ ಪೂರ್ವಕ್ಕೆ, ಅಕ್ಕಲಕೋಟೆಗೆ ಬನ್ನಿ, ಕನ್ನಡವೇ ಬೇಕು. ಪುಣೆಯ ಹುಡುಗರಿಗೆ ಅಲ್ಲಿ ನೀವೇ ದುಭಾಷಿ. ಮಳೆ ಮುಗಿದ ಮೇಲೆ ಅಕ್ಟೋಬರ್ ಕೊನೆಯಲ್ಲಿ ಮೊದಲ ಅಳತೆ. ತರಬೇಕಾದ್ದು ಐವತ್ತು ಮೀಟರಿನ ಟೇಪು, ತುದಿಗೆ ಕಟ್ಟೋಕೆ ಒಂದು ಭಾರ, ಬಾವಿ ಕಟ್ಟೆ ಮೇಲೆ ಗುರುತು ಹಾಕೋಕೆ ಒಂದು ಡಬ್ಬಿ ಕೆಂಪು ಬಣ್ಣ. ಪ್ರತಿ ಸಲ ಅದೇ ಗುರುತಿನಿಂದ ಟೇಪು ಬಿಡಬೇಕು, ಕಟ್ಟೆಯ ಎತ್ತರ ಕಳೀಬೇಕು. ಬೆಳಿಗ್ಗೆ ಆರಕ್ಕೆ, ಪಂಪ್ ಶುರುವಾಗೋ ಮೊದಲು. ಮೊದಲ ದಿನ ಊರಿನ ಇಬ್ಬರು ಹುಡುಗರ ಕೈಗೆ ಟೇಪು ಕೊಡಿ, ನೀವು ಬರ್ಕೊಳ್ಳಿ.